ಅಜ್ಜಿಗೆ ಮಾತ್ರ ಹೇಳಬೇಡಿ! ‘ದಿ ಫೇರ್‌ವೆಲ್’ ಚಿತ್ರವೂ ನಮ್ಮ ಮನೆಗಳ ಮೌನವೂ

ಆಸ್ಪತ್ರೆಯ ಕಾರಿಡಾರಿನಲ್ಲಿ ವೈದ್ಯರನ್ನು ತಡೆದು ನಿಲ್ಲಿಸಿ, ‘ಡಾಕ್ಟ್ರೇ, ಅಪ್ಪನಿಗೆ ಮಾತ್ರ ಏನೂ ಹೇಳಬೇಡಿ, ಅವರು ತಡ್ಕೊಳ್ಳಲ್ಲ’ ಎಂದು ಕೈಮುಗಿಯುವ ಮಗನನ್ನು ನಾವೆಲ್ಲರೂ ಕಂಡಿದ್ದೇವೆ. ನಮ್ಮಲ್ಲಿ ಹಲವರು ಆ ಮಗನ ಜಾಗದಲ್ಲಿ ನಿಂತದ್ದೂ ಉಂಟು. ಒಳಗೆ ಮಂಚದ ಮೇಲೆ ಮಲಗಿದವರಿಗೆ ‘ಬರೀ ಗ್ಯಾಸ್ಟ್ರಿಕ್, ನಾಲ್ಕು ದಿನದಲ್ಲಿ ಮನೆಗೆ ಹೋಗೋಣ’ ಎಂಬ ಸಮಾಧಾನ. ನಿಜ ಹೇಳುವ ಫೈಲು ಮಾತ್ರ ಬೀರುವಿನೊಳಗೆ, ಸೀರೆಗಳ ಅಡಿಯಲ್ಲಿ.

ಇಂಥದೇ ಒಂದು ಸುಳ್ಳಿನ ಸುತ್ತ ಹೆಣೆದ ಚಿತ್ರ ‘ದಿ ಫೇರ್‌ವೆಲ್’. ಚೀನಾ ಮೂಲದ ಅಮೆರಿಕನ್ ನಿರ್ದೇಶಕಿ ಲುಲು ವಾಂಗ್ ತಮ್ಮ ಸ್ವಂತ ಅಜ್ಜಿಯ ಕಥೆಯನ್ನೇ ಆಧರಿಸಿ ತೆಗೆದ ಈ ಚಿತ್ರ 2019ರ ಜನವರಿಯಲ್ಲಿ ಸನ್‌ಡ್ಯಾನ್ಸ್ ಚಿತ್ರೋತ್ಸವದಲ್ಲಿ ಮೊದಲ ಪ್ರದರ್ಶನ ಕಂಡು, ಅದೇ ವರ್ಷದ ಜುಲೈನಲ್ಲಿ ಅಮೆರಿಕದ ಚಿತ್ರಮಂದಿರಗಳಿಗೆ ಬಂದಿತು. ನಾಯಕಿ ಆಕ್ವಾಫಿನಾ ಅವರಿಗೆ 2020ರಲ್ಲಿ ಗೋಲ್ಡನ್ ಗ್ಲೋಬ್ ಪ್ರಶಸ್ತಿ ದೊರೆಯಿತು. ಚೀನೀ ಭಾಷೆಯಲ್ಲಿ ಚಿತ್ರದ ಹೆಸರಿನ ಅರ್ಥವೇ ‘ಅವಳಿಗೆ ಹೇಳಬೇಡಿ’ ಎಂದು. ಕ್ಯಾನ್ಸರ್ ಕುರಿತ ಚಿತ್ರವೆಂದರೆ ಕರವಸ್ತ್ರ ಹಿಡಿದು ಕೂರಬೇಕೆಂಬ ರೂಢಿ ನಮ್ಮದು. ಇಲ್ಲಿ ಪ್ರೇಕ್ಷಕರು ಅಳುವುದಕ್ಕಿಂತ ಹೆಚ್ಚು ನಗುತ್ತಾರೆ. ನಗು ನಿಂತ ಮೇಲೆ ಮಾತ್ರ ಗಂಟಲು ಕಟ್ಟುತ್ತದೆ.

ಮದುವೆಯ ನೆಪ

ಕಥೆ ನಡೆಯುವುದು ಈಶಾನ್ಯ ಚೀನಾದ ಚಾಂಗ್‌ಚುನ್ ನಗರದಲ್ಲಿ. ಅಪ್ಪನ ತಾಯಿಯನ್ನು ಅಲ್ಲಿ ‘ನೈ ನೈ’ ಎನ್ನುತ್ತಾರೆ. ಈ ನೈ ನೈಗೆ ಶ್ವಾಸಕೋಶದ ಕ್ಯಾನ್ಸರ್, ಅದೂ ನಾಲ್ಕನೇ ಹಂತ. ಉಳಿದಿರುವುದು ಮೂರು ತಿಂಗಳೆಂದು ವೈದ್ಯರ ಅಂದಾಜು. ವೈದ್ಯರು ಇದನ್ನು ತಿಳಿಸುವುದು ಆಕೆಯ ತಂಗಿಗೆ. ತಂಗಿ ಹೊರಗೆ ಬಂದು ಅಕ್ಕನಿಗೆ ‘ಏನೂ ಇಲ್ಲ’ ಎನ್ನುತ್ತಾಳೆ. ಒಬ್ಬ ಮಗ ಜಪಾನಿನಲ್ಲಿ, ಇನ್ನೊಬ್ಬ ಅಮೆರಿಕದಲ್ಲಿ. ಇಬ್ಬರೂ ಕುಟುಂಬಸಮೇತ ಏಕಕಾಲಕ್ಕೆ ಊರಿಗೆ ಬಂದರೆ ಮುದುಕಿಗೆ ಅನುಮಾನ ಬಾರದೆ ಇದ್ದೀತೆ? ಅದಕ್ಕಾಗಿ ಜಪಾನಿನಲ್ಲಿದ್ದ ಮೊಮ್ಮಗನಿಗೆ, ಪರಿಚಯವಾಗಿ ಮೂರೇ ತಿಂಗಳಾದ ಹುಡುಗಿಯೊಂದಿಗೆ, ತರಾತುರಿಯಲ್ಲಿ ಮದುವೆ! ಅಜ್ಜಿಯೋ, ಸಾಯುತ್ತಿರುವವಳು ತಾನೆಂಬ ಅರಿವಿಲ್ಲದೆ ಊಟದ ಪಟ್ಟಿಯಲ್ಲಿ ಏಡಿ ಏಕೆ ಬಂತು, ತಾನು ಹೇಳಿದ್ದು ಲಾಬ್‌ಸ್ಟರ್ ಅಲ್ಲವೇ ಎಂದು ಜಗಳಕ್ಕೆ ನಿಲ್ಲುತ್ತಾಳೆ.

ನ್ಯೂಯಾರ್ಕಿನಲ್ಲಿ ಬೆಳೆದ ಮೊಮ್ಮಗಳು ಬಿಲ್ಲಿಯನ್ನು ಮಾತ್ರ ತಂದೆತಾಯಿಯರು ಬರಬೇಡವೆನ್ನುತ್ತಾರೆ. ಕಾರಣ, ಅವಳ ಮುಖದ ಮೇಲೆ ಮನಸ್ಸಿನಲ್ಲಿರುವುದೆಲ್ಲ ಮೂಡಿಬಿಡುತ್ತದೆ. ಅವಳು ಹೇಳದೆ ಕೇಳದೆ ವಿಮಾನ ಹತ್ತಿ ಬಂದೇ ಬಿಡುತ್ತಾಳೆ.

ಚಿತ್ರದ ಮೊದಲ ದೃಶ್ಯದಲ್ಲೇ ಅಜ್ಜಿ–ಮೊಮ್ಮಗಳು ಫೋನಿನಲ್ಲಿ ಮಾತನಾಡುತ್ತಾರೆ. ಆಸ್ಪತ್ರೆಯಲ್ಲಿ ಕುಳಿತ ಅಜ್ಜಿ ತಾನು ತಂಗಿಯ ಮನೆಯಲ್ಲಿದ್ದೇನೆ ಎನ್ನುತ್ತಾಳೆ. ಚಳಿಯಲ್ಲಿ ಬರಿದಲೆಯಲ್ಲಿ ನಡೆಯುತ್ತಿರುವ ಮೊಮ್ಮಗಳು ಟೋಪಿ ಹಾಕಿಕೊಂಡಿದ್ದೇನೆ ಎನ್ನುತ್ತಾಳೆ. ಇಬ್ಬರದೂ ಸುಳ್ಳು, ಇಬ್ಬರದೂ ಅಕ್ಕರೆ. ದೂರದ ಊರಲ್ಲಿರುವ ಮಕ್ಕಳೊಂದಿಗೆ ಫೋನಿನಲ್ಲಿ ಮಾತನಾಡುವ ಯಾವ ತಾಯಿಗೆ ಈ ವ್ಯವಹಾರ ಹೊಸತು? ದೊಡ್ಡ ಸುಳ್ಳು ಬರುವ ಮೊದಲೇ ಇಂಥ ಸಣ್ಣ ಸುಳ್ಳುಗಳ ಮೇಲೆ ಈ ಕುಟುಂಬ ನಿಂತಿದೆ ಎಂಬುದನ್ನು ನಿರ್ದೇಶಕಿ ಎರಡೇ ನಿಮಿಷದಲ್ಲಿ ತಿಳಿಸಿಬಿಡುತ್ತಾರೆ.

ಇನ್ನೊಂದು ಸಂಗತಿಯನ್ನು ಹೇಳಲೇಬೇಕು. ಅಜ್ಜಿಯ ತಂಗಿಯ ಪಾತ್ರ ಮಾಡಿರುವ ಲು ಹಾಂಗ್ ವೃತ್ತಿನಟಿಯಲ್ಲ. ನಿರ್ದೇಶಕಿಯ ನಿಜವಾದ ಚಿಕ್ಕಜ್ಜಿ ಅವರೇ. ಅಕ್ಕನಿಂದ ವಿಷಯ ಮುಚ್ಚಿಟ್ಟವರು ಅದನ್ನೇ ಕ್ಯಾಮೆರಾದ ಮುಂದೆ ಮತ್ತೊಮ್ಮೆ ಆಡಿ ತೋರಿಸಿದ್ದಾರೆ. ಚಿತ್ರೀಕರಣ ಚಾಂಗ್‌ಚುನ್‌ನಲ್ಲಿಯೇ ನಡೆಯಿತು. ಆಗಲೂ ಅಜ್ಜಿಗೆ ಚಿತ್ರದ ವಸ್ತು ಏನೆಂದು ಯಾರೂ ಹೇಳಿರಲಿಲ್ಲ.

ಪೂರ್ವ ಮತ್ತು ಪಶ್ಚಿಮ: ಅರ್ಧ ಸತ್ಯ

ಚಿತ್ರದ ಬಗ್ಗೆ ಬರೆದವರೆಲ್ಲ ಒಂದು ದೃಶ್ಯವನ್ನು ತಪ್ಪದೆ ನೆನೆಯುತ್ತಾರೆ. ಬಿಲ್ಲಿಯ ದೊಡ್ಡಪ್ಪ ಅವಳಿಗೆ ಬುದ್ಧಿ ಹೇಳುವ ದೃಶ್ಯವದು. ಪಶ್ಚಿಮದವರಿಗೆ ಬದುಕು ಒಬ್ಬೊಬ್ಬರ ಸೊತ್ತು, ಪೂರ್ವದವರಿಗೆ ಅದು ಕುಟುಂಬದ ಒಂದು ಭಾಗ, ಆದ್ದರಿಂದ ಅಜ್ಜಿಯ ಭಾರವನ್ನು ಅಜ್ಜಿಯ ಬದಲು ನಾವು ಹೊರುತ್ತಿದ್ದೇವೆ ಎಂಬುದು ಅವರ ವಾದದ ತಿರುಳು. ಕೇಳಲು ಚೆನ್ನಾಗಿದೆ. ನಮ್ಮ ಕಡೆಯ ಪ್ರೇಕ್ಷಕನಿಗಂತೂ ತಲೆದೂಗಬೇಕೆನಿಸುತ್ತದೆ. ಆದರೆ ಇತಿಹಾಸದ ಪುಟ ತಿರುವಿದರೆ ಈ ಮಾತು ಅಷ್ಟು ಗಟ್ಟಿಯಾಗಿ ನಿಲ್ಲುವುದಿಲ್ಲ.

1961ರಲ್ಲಿ ಡೊನಾಲ್ಡ್ ಓಕನ್ ಎಂಬ ಮನೋವೈದ್ಯರು ಶಿಕಾಗೋದ ಆಸ್ಪತ್ರೆಯೊಂದರ ಇನ್ನೂರಕ್ಕೂ ಹೆಚ್ಚು ವೈದ್ಯರನ್ನು ಪ್ರಶ್ನಿಸಿ ಅಮೆರಿಕನ್ ವೈದ್ಯಕೀಯ ಸಂಘದ ಪತ್ರಿಕೆಯಲ್ಲಿ ಲೇಖನ ಪ್ರಕಟಿಸಿದರು. ರೋಗಿಗೆ ಕ್ಯಾನ್ಸರ್ ಇದೆ ಎಂದು ಹೇಳದಿರುವುದೇ ತಮ್ಮ ಒಲವು ಎಂದವರು ಶೇ. 90ರಷ್ಟು ವೈದ್ಯರು! ಹದಿನೆಂಟು ವರ್ಷಗಳ ಬಳಿಕ, 1979ರಲ್ಲಿ, ಹೆಚ್ಚುಕಡಿಮೆ ಅದೇ ಪ್ರಶ್ನೆಗಳನ್ನು ರೋಚೆಸ್ಟರ್‌ನ ವೈದ್ಯರ ಮುಂದಿಟ್ಟಾಗ ಹೇಳುವುದೇ ಸರಿ ಎಂದವರು ಶೇ. 97. ಒಂದು ತಲೆಮಾರು ಕಳೆಯುವುದರೊಳಗೆ ಇಡೀ ವೃತ್ತಿಯೇ ಮಗ್ಗುಲು ಬದಲಿಸಿತ್ತು. ಬಿಲ್ಲಿಯು ‘ಅಮೆರಿಕದಲ್ಲಿ ಹೀಗೆ ಮಾಡಲಾಗದು’ ಎನ್ನುವಾಗ ಅವಳ ಅಮೆರಿಕವು 1970ರ ದಶಕದ ನಂತರದ್ದು.

ಬದಲಾದದ್ದು ಏನು? ಮುಖ್ಯವಾಗಿ ಚಿಕಿತ್ಸೆ. ಕೊಡಲು ಏನೂ ಇಲ್ಲದ ಕಾಲದಲ್ಲಿ ಹೇಳುವುದೆಂದರೆ ಬರೀ ಶಿಕ್ಷೆ ಓದಿದಂತೆ. ಕೀಮೋಥೆರಪಿ, ವಿಕಿರಣ ಚಿಕಿತ್ಸೆಗಳು ಬಂದ ಮೇಲೆ ರೋಗಿಯ ಒಪ್ಪಿಗೆಯಿಲ್ಲದೆ ಒಂದು ಹೆಜ್ಜೆಯೂ ಮುಂದಿಡಲಾಗದು. ಕೂದಲೇಕೆ ಉದುರುತ್ತಿದೆ ಎಂಬ ಪ್ರಶ್ನೆಗೆ ‘ಗ್ಯಾಸ್ಟ್ರಿಕ್’ ಉತ್ತರವಾಗಲಾರದು. ಜತೆಗೆ 1967ರಲ್ಲಿ ಲಂಡನ್ನಿನಲ್ಲಿ ಸಿಸಿಲಿ ಸಾಂಡರ್ಸ್ ಆರಂಭಿಸಿದ ಸೇಂಟ್ ಕ್ರಿಸ್ಟೋಫರ್ಸ್ ಹಾಸ್ಪಿಸ್, 1969ರಲ್ಲಿ ಪ್ರಕಟವಾದ ಎಲಿಸಬೆತ್ ಕ್ಯೂಬ್ಲರ್–ರಾಸ್ ಅವರ ಪುಸ್ತಕ, ಇವೆರಡೂ ಸಾಯುತ್ತಿರುವವರೊಂದಿಗೆ ಮಾತನಾಡಬಹುದು ಎಂಬುದನ್ನು ಮೊದಲ ಬಾರಿಗೆ ವೈದ್ಯರಿಗೆ ಕಲಿಸಿದವು.

ಚೀನಾದ ಕಾನೂನು ಕೂಡ ದೊಡ್ಡಪ್ಪನ ಮಾತಿನಷ್ಟು ಸರಳವಾಗಿಲ್ಲ. 1999ರಲ್ಲಿ ಜಾರಿಗೆ ಬಂದ ಅಲ್ಲಿನ ವೈದ್ಯರ ಕಾಯ್ದೆಯು ‘ರೋಗಿಗೆ ಅಥವಾ ಕುಟುಂಬದವರಿಗೆ’ ನಿಜಸ್ಥಿತಿ ತಿಳಿಸಬೇಕೆಂದು ಹೇಳುತ್ತಿತ್ತು. 2021ರಿಂದ ಜಾರಿಯಲ್ಲಿರುವ ನಾಗರಿಕ ಸಂಹಿತೆಯಲ್ಲಿ ಮೊದಲ ಸ್ಥಾನ ರೋಗಿಗೆ. ಆತನಿಗೆ ಹೇಳಲಾಗದ ಅಥವಾ ಹೇಳುವುದು ಸೂಕ್ತವಲ್ಲದ ಸಂದರ್ಭದಲ್ಲಿ ಮಾತ್ರ ಹತ್ತಿರದ ಬಂಧುಗಳಿಗೆ. ಈ ‘ಸೂಕ್ತವಲ್ಲದ’ ಎಂಬ ಒಂದು ಪದದ ಸಂದಿಯಲ್ಲಿ ಎಷ್ಟು ನೈ ನೈಗಳು ನುಸುಳಬಹುದೋ!

ಇಬ್ಬರೂ ಆಡುವ ನಾಟಕ

ಅಜ್ಜಿಗೆ ನಿಜಕ್ಕೂ ಗೊತ್ತಿರಲಿಲ್ಲವೇ? ಚಿತ್ರ ಇದಕ್ಕೆ ನೇರ ಉತ್ತರ ಕೊಡುವುದಿಲ್ಲ. ಆದರೆ ನಡುವೆ ಒಂದು ಮಾತು ಹೊರಬೀಳುತ್ತದೆ. ಅಜ್ಜನಿಗೆ ಕ್ಯಾನ್ಸರ್ ಬಂದಾಗ ಇದೇ ಅಜ್ಜಿ ಕೊನೆಯ ಘಳಿಗೆಯವರೆಗೂ ಅವನಿಗೆ ಹೇಳಿರಲಿಲ್ಲ. ಈ ಆಟದ ನಿಯಮವೆಲ್ಲ ಅವಳಿಗೆ ಕರತಲಾಮಲಕ. ಹಾಗಿರುವಾಗ ಜಪಾನಿನಿಂದ, ಅಮೆರಿಕದಿಂದ ಇಡೀ ಬಳಗ ಬಂದಿಳಿದು, ಕೋಣೆಗೆ ಹೋಗಿ ಕಣ್ಣೊರೆಸಿಕೊಂಡು ಬರುವಾಗ ಅವಳಿಗೆ ಏನೂ ಹೊಳೆಯಲಿಲ್ಲ ಎಂದರೆ ನಂಬುವುದು ಕಷ್ಟ.

ಸಮಾಜಶಾಸ್ತ್ರಜ್ಞರಾದ ಬಾರ್ನಿ ಗ್ಲೇಸರ್ ಮತ್ತು ಆನ್ಸೆಲ್ಮ್ ಸ್ಟ್ರಾಸ್ 1965ರಲ್ಲಿಯೇ ಈ ಸ್ಥಿತಿಗೆ ಒಂದು ಹೆಸರು ಕೊಟ್ಟಿದ್ದರು. ಕ್ಯಾಲಿಫೋರ್ನಿಯಾದ ಆಸ್ಪತ್ರೆಗಳಲ್ಲಿ ಸಾವಿನಂಚಿನಲ್ಲಿದ್ದವರ ಸುತ್ತ ನಡೆಯುವ ಮಾತುಕತೆಯನ್ನು ಗಮನಿಸಿದ ಅವರು ನಾಲ್ಕು ಬಗೆಯನ್ನು ಗುರುತಿಸಿದರು. ರೋಗಿಗೆ ಏನೂ ಗೊತ್ತಿಲ್ಲದಿರುವುದು, ಅನುಮಾನ ಹುಟ್ಟಿರುವುದು, ಎಲ್ಲರಿಗೂ ಗೊತ್ತಿದ್ದು ಬಿಚ್ಚುಮನಸ್ಸಿನಿಂದ ಮಾತನಾಡುವುದು. ಇವುಗಳ ನಡುವೆ ಇನ್ನೊಂದಿದೆ: ರೋಗಿಗೂ ಗೊತ್ತು, ಮನೆಯವರಿಗೂ ಗೊತ್ತು, ಆದರೆ ಇಬ್ಬರೂ ಗೊತ್ತಿಲ್ಲದವರಂತೆ ನಟಿಸುವುದು. ಈ ಪರಸ್ಪರ ನಟನೆ ಮುರಿಯದಂತೆ ಎರಡೂ ಕಡೆಯವರು ಬಹಳ ಎಚ್ಚರ ವಹಿಸುತ್ತಾರೆ ಎಂದು ಅವರು ದಾಖಲಿಸಿದರು.

ಈ ವಿವರವನ್ನು ಓದುವಾಗ ಈ ವರದಿಗಾರನಿಗೆ ತನ್ನ ಸೋದರತ್ತೆ ನೆನಪಾದರು. ಮನೆಯಲ್ಲಿ ನಾವೆಲ್ಲ ಸೇರಿ ಅವರಿಂದ ಫೈಲು ಬಚ್ಚಿಟ್ಟಿದ್ದೆವು. ಅತ್ತೆ ಒಂದು ದಿನವೂ ಫೈಲು ಕೇಳಲಿಲ್ಲ, ತನಗೇನಾಗಿದೆ ಎನ್ನಲಿಲ್ಲ. ಆದರೆ ಒಂದು ಮಧ್ಯಾಹ್ನ ಅನ್ನ ಕಲಸಿಕೊಳ್ಳುತ್ತಲೇ, ತಮ್ಮ ಮುತ್ತಿನ ಓಲೆ ಕಿರಿ ಸೊಸೆಗೆ, ಅವಲಕ್ಕಿ ಸರ ಹಿರಿಯವಳಿಗೆ ಎಂದರು. ‘ಅದೆಲ್ಲ ಈಗ್ಯಾಕೆ ಅತ್ತೆ, ಸಾರು ಹಾಕ್ಲಾ?’ ಎಂದು ನಾವು ಮಾತು ಮರೆಸಿದೆವು. ಅವರು ಬಾಗಿಲು ತೆರೆದಿದ್ದರು, ಮುಚ್ಚಿದವರು ನಾವು ಎಂಬುದು ಹೊಳೆದದ್ದು ಅವರ ಹದಿಮೂರನೆಯ ದಿನ ಕಳೆದ ಮೇಲೆ.

ಸುಳ್ಳಿನ ಬೆಲೆಯನ್ನು ತೆರುವವರು ರೋಗಿಗಳಷ್ಟೇ ಅಲ್ಲ ಎಂಬುದನ್ನು ಚಿತ್ರ ಮರೆತಿಲ್ಲ. ಹೋಟೆಲ್ ಕೋಣೆಯಲ್ಲಿ ಬಿಲ್ಲಿ ತಾಯಿಯ ಮುಂದೆ ಒಮ್ಮೆಲೇ ಒಡೆದುಹೋಗುತ್ತಾಳೆ. ಅವಳು ಸಣ್ಣವಳಿದ್ದಾಗ ಅಜ್ಜನ ಕಾಯಿಲೆಯನ್ನು ಅವಳಿಂದಲೂ ಮುಚ್ಚಿಡಲಾಗಿತ್ತು. ಮುಂದೊಮ್ಮೆ ಚೀನಾಕ್ಕೆ ಬಂದಾಗ ಅಜ್ಜ ಇರಲಿಲ್ಲ, ಅಷ್ಟೇ. ಗೋಡೆಯ ಮೇಲಿನ ಚಿತ್ರಪಟದಂತೆ ಯಾರೋ ಅವನನ್ನು ತೆಗೆದುಬಿಟ್ಟಿದ್ದರು. ಈಗ ಅಜ್ಜಿಯೂ ಹಾಗೆಯೇ ಮಾಯವಾಗುತ್ತಾಳೆ ಎಂಬುದು ಅವಳ ಸಂಕಟ. ಆಕ್ವಾಫಿನಾ ಎಂಥ ನಟಿ ಎಂಬುದಕ್ಕೆ ಈ ಒಂದು ದೃಶ್ಯ ಸಾಕು.

‘ಮೂರು ತಿಂಗಳು’ ಎಂದರೆ ಎಷ್ಟು?

ಚಿತ್ರದ ಕೊನೆಯಲ್ಲಿ ನಿರ್ದೇಶಕಿಯ ನಿಜವಾದ ಅಜ್ಜಿ ತೆರೆಯ ಮೇಲೆ ಕಾಣಿಸಿಕೊಳ್ಳುತ್ತಾರೆ. ರೋಗ ಪತ್ತೆಯಾಗಿ ಆರು ವರ್ಷ ಕಳೆದರೂ ಅವರು ಬದುಕಿದ್ದಾರೆ ಎಂಬ ಬರಹ ಮೂಡುತ್ತದೆ. ಚಿತ್ರಮಂದಿರದಲ್ಲಿ ಚಪ್ಪಾಳೆ ಬೀಳುವ ಘಳಿಗೆ. ಹಾಗಾದರೆ ಸುಳ್ಳೇ ಔಷಧವಾಯಿತೇ ಎಂದು ಕೇಳುವವರಿದ್ದಾರೆ. ಇಲ್ಲಿ ಸ್ವಲ್ಪ ನಿಂತು ನೋಡಬೇಕು.

ವೈದ್ಯರು ಹೇಳುವ ‘ಇಷ್ಟು ತಿಂಗಳು’ ಎಂಬುದು ಗಡುವಲ್ಲ. ಅದೇ ರೋಗ, ಅದೇ ಹಂತದ ನೂರು ಜನರನ್ನು ಸಾಲಾಗಿ ನಿಲ್ಲಿಸಿದರೆ ಐವತ್ತನೆಯವರು ಎಷ್ಟು ದಿನ ಬದುಕಿದ್ದರು ಎಂಬುದರ ಸುತ್ತ ಈ ಅಂದಾಜು ಸುತ್ತುತ್ತದೆ. ಅರ್ಧದಷ್ಟು ಜನ ಅದಕ್ಕಿಂತ ಮೊದಲೇ ತೀರಿಕೊಂಡರೆ ಉಳಿದರ್ಧ ಅದನ್ನು ದಾಟುತ್ತಾರೆ. ಕೆಲವರು ಬಹಳ ದೂರ ದಾಟುತ್ತಾರೆ. ವಿಜ್ಞಾನಿ ಸ್ಟೀಫನ್ ಜೇ ಗೂಲ್ಡ್ ಅವರಿಗೆ 1982ರಲ್ಲಿ ಮೀಸೋಥೆಲಿಯೋಮಾ ಎಂಬ ಅಪರೂಪದ ಕ್ಯಾನ್ಸರ್ ಪತ್ತೆಯಾದಾಗ ಆ ಮಧ್ಯದ ಅಂಕಿ ಎಂಟು ತಿಂಗಳು. ಅವರು ಇನ್ನೂ ಇಪ್ಪತ್ತು ವರ್ಷ ಬದುಕಿ, ಬರೆದು, 2002ರಲ್ಲಿ ಬೇರೊಂದು ಕ್ಯಾನ್ಸರಿನಿಂದ ತೀರಿಕೊಂಡರು. ಗೂಲ್ಡ್ ಅವರಿಗೆ ಎಲ್ಲವೂ ಗೊತ್ತಿತ್ತು. ಗ್ರಂಥಾಲಯಕ್ಕೆ ಹೋಗಿ ತಾವೇ ಓದಿ ತಿಳಿದಿದ್ದರು. ನೈ ನೈ ತಿಳಿಯದೆ ಬದುಕಿದಳು, ಗೂಲ್ಡ್ ತಿಳಿದೂ ಬದುಕಿದರು. ಒಬ್ಬೊಬ್ಬರ ಉದಾಹರಣೆಯಿಂದ ಎರಡೂ ಕಡೆಗೆ ವಾದ ಹೂಡಬಹುದು.

ಹೆಚ್ಚು ಜನರ ಅನುಭವ ಏನು ಹೇಳುತ್ತದೆ? ನೈ ನೈಯಂತೆಯೇ ಶ್ವಾಸಕೋಶದ ಕ್ಯಾನ್ಸರ್ ದೇಹದಲ್ಲಿ ಹರಡಿದ್ದ 151 ಮಂದಿಯ ಮೇಲೆ ಬಾಸ್ಟನ್ನಿನ ಮ್ಯಾಸಚೂಸೆಟ್ಸ್ ಜನರಲ್ ಆಸ್ಪತ್ರೆಯಲ್ಲಿ ನಡೆದ ಅಧ್ಯಯನವೊಂದು 2010ರಲ್ಲಿ ಪ್ರಕಟವಾಯಿತು. ಒಂದು ಗುಂಪಿಗೆ ಎಂದಿನ ಚಿಕಿತ್ಸೆ. ಇನ್ನೊಂದು ಗುಂಪಿಗೆ ಅದರ ಜತೆಗೆ ಮೊದಲಿನಿಂದಲೇ ಉಪಶಾಮಕ ಆರೈಕೆ, ಅಂದರೆ ನೋವು–ಉಸಿರಾಟದ ತೊಂದರೆಗಳ ನಿವಾರಣೆ ಮತ್ತು ಮುಂದಿನ ದಿನಗಳ ಕುರಿತು ಮಾತುಕತೆ. ಎರಡನೆಯ ಗುಂಪಿನವರ ಬದುಕು ಹೆಚ್ಚು ನೆಮ್ಮದಿಯದಾಗಿತ್ತು, ಖಿನ್ನತೆ ಕಡಿಮೆಯಿತ್ತು. ಅಷ್ಟೇ ಅಲ್ಲ, ಬದುಕಿದ ಅವಧಿಯ ಮಧ್ಯಾಂಕ ಮೊದಲ ಗುಂಪಿನಲ್ಲಿ 8.9 ತಿಂಗಳಿದ್ದರೆ ಇವರಲ್ಲಿ 11.6 ತಿಂಗಳಿತ್ತು. ‘ನಿಜ ಗೊತ್ತಾದರೆ ಎದೆಯೊಡೆದೇ ಸಾಯುತ್ತಾರೆ’ ಎಂಬ ನಮ್ಮ ಭಯವನ್ನು ಈ ಅಂಕಿಗಳ ಪಕ್ಕದಲ್ಲಿಟ್ಟು ನೋಡಬೇಕು.

ನಮ್ಮ ನಿಯಮಗಳು

ಭಾರತೀಯ ವೈದ್ಯಕೀಯ ಪರಿಷತ್ತು 2002ರಲ್ಲಿ ಹೊರಡಿಸಿದ ವೃತ್ತಿನೀತಿಯ ನಿಯಮಗಳ ಪ್ರಕಾರ ವೈದ್ಯರು ಕಾಯಿಲೆಯ ಗಂಭೀರತೆಯನ್ನು ಹಿಗ್ಗಿಸಲೂ ಬಾರದು, ಕುಗ್ಗಿಸಲೂ ಬಾರದು. ಆದರೆ ಯಾರಿಗೆ ಹೇಳಬೇಕು ಎಂಬಲ್ಲಿ ಆ ನಿಯಮ ರೋಗಿ, ಬಂಧುಗಳು ಅಥವಾ ಹೊಣೆಯುಳ್ಳ ಸ್ನೇಹಿತರು ಎಂದು ಬಾಗಿಲನ್ನು ಅಗಲವಾಗಿಯೇ ತೆರೆದಿಟ್ಟಿದೆ. ಕಾರಿಡಾರಿನ ಮಗನಿಗೆ ವೈದ್ಯರು ತಲೆಯಾಡಿಸುವುದು ಈ ಬಾಗಿಲಿನಲ್ಲಿ ನಿಂತೇ.

ಚಿಕಿತ್ಸೆಯ ಒಪ್ಪಿಗೆಯ ವಿಷಯಕ್ಕೆ ಬಂದರೆ ನ್ಯಾಯಾಲಯ ಅಷ್ಟು ಉದಾರವಾಗಿಲ್ಲ. ಪ್ರಾಪ್ತ ವಯಸ್ಸಿನ, ವಿವೇಚನೆಯುಳ್ಳ ರೋಗಿಯ ಪರವಾಗಿ ಹೆತ್ತ ತಾಯಿ ಕೊಟ್ಟ ಒಪ್ಪಿಗೆಯೂ ಸಲ್ಲದು ಎಂದು ಸುಪ್ರೀಂ ಕೋರ್ಟ್ 2008ರ ಸಮೀರಾ ಕೊಹ್ಲಿ ಪ್ರಕರಣದಲ್ಲಿ ಹೇಳಿತು.

ಇದಕ್ಕಿಂತ ಮುಖ್ಯವಾದ ಬದಲಾವಣೆ ಬಂದದ್ದು 2018ರ ಮಾರ್ಚ್ 9ರಂದು. ಕಾಮನ್ ಕಾಸ್ ಪ್ರಕರಣದಲ್ಲಿ ಸಂವಿಧಾನ ಪೀಠವು ಘನತೆಯಿಂದ ಸಾಯುವ ಹಕ್ಕನ್ನು ಎತ್ತಿಹಿಡಿಯಿತು. ವಾಸಿಯಾಗದ ಸ್ಥಿತಿ ತಲುಪಿದಾಗ ತನಗೆ ವೆಂಟಿಲೇಟರ್ ಮುಂತಾದ ಕೃತಕ ಆಸರೆ ಬೇಡವೆಂದು ಮೊದಲೇ ಬರೆದಿಡಲು ಅವಕಾಶವಾಯಿತು. 2023ರ ಜನವರಿಯಲ್ಲಿ ನ್ಯಾಯಾಲಯ ಇದರ ವಿಧಾನವನ್ನು ಸರಳಗೊಳಿಸಿತು. ಈಗ ಇಬ್ಬರು ಸಾಕ್ಷಿಗಳ ಮುಂದೆ ಸಹಿ ಮಾಡಿ, ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯ ದೃಢೀಕರಣ ಪಡೆದರೆ ಸಾಕು. ಇದನ್ನು ಜಾರಿಗೊಳಿಸಲು ಆಸ್ಪತ್ರೆಗಳಲ್ಲಿ ವೈದ್ಯರ ಮಂಡಳಿಗಳು ಹೇಗಿರಬೇಕೆಂದು ಕರ್ನಾಟಕದ ಆರೋಗ್ಯ ಇಲಾಖೆ 2025ರ ಜನವರಿಯಲ್ಲಿ ಆದೇಶ ಹೊರಡಿಸಿತು. ಆದರೆ ತನಗೇನಾಗಿದೆ ಎಂದೇ ಗೊತ್ತಿಲ್ಲದ ಅಜ್ಜಿ ಇಂಥ ಪತ್ರವನ್ನು ಬರೆಯುವುದಾದರೂ ಹೇಗೆ? ಕೊನೆಗೆ ಐಸಿಯು ಬಾಗಿಲಲ್ಲಿ ‘ವೆಂಟಿಲೇಟರ್ ಹಾಕೋದಾ, ಬೇಡ್ವಾ?’ ಎಂಬ ಪ್ರಶ್ನೆ ಬರುವುದು, ನಿದ್ದೆಗೆಟ್ಟ ಮಗನ ಮುಂದೆ, ರಾತ್ರಿ ಎರಡು ಗಂಟೆಗೆ. ಅವನು ಏನೇ ಹೇಳಲಿ, ಬದುಕಿನುದ್ದಕ್ಕೂ ಅದನ್ನು ಹೊತ್ತು ತಿರುಗಬೇಕು.

ನೋವಿನ ಔಷಧಕ್ಕೂ ಈ ಮಾತು ಅನ್ವಯಿಸುತ್ತದೆ. ಮಾದಕವಸ್ತು ಕಾಯ್ದೆಗೆ 2014ರಲ್ಲಿ ತಂದ ತಿದ್ದುಪಡಿಯಿಂದ ಆಸ್ಪತ್ರೆಗಳಿಗೆ ಮಾರ್ಫಿನ್ ಪಡೆಯುವುದು ಸುಲಭವಾಗಿದೆ. ಬೆಂಗಳೂರಿನ ಮಾರತಹಳ್ಳಿ ಬಳಿಯ ಕರುಣಾಶ್ರಯ 1999ರಿಂದ ವಾಸಿಯಾಗದ ಹಂತದ ಕ್ಯಾನ್ಸರ್ ರೋಗಿಗಳನ್ನು ಉಚಿತವಾಗಿ ನೋಡಿಕೊಳ್ಳುತ್ತಿದೆ. ಇಂಥ ಕಡೆ ಕರೆದೊಯ್ಯಲು ‘ಅಲ್ಲಿ ಬೋರ್ಡ್ ನೋಡಿದರೆ ಅವರಿಗೆ ಗೊತ್ತಾಗಿಬಿಡುತ್ತೆ’ ಎಂದು ಹಿಂಜರಿಯುವ ಕುಟುಂಬಗಳುಂಟು. ಗುಟ್ಟು ಉಳಿಯುತ್ತದೆ, ನೋವೂ ಉಳಿಯುತ್ತದೆ.

ಯಾರೂ ಕೇಳದ ಒಂದು ಪ್ರಶ್ನೆ

ಹಾಗಾದರೆ ಮಂಚದ ಪಕ್ಕ ನಿಂತು ‘ನಿಮಗೆ ಮೂರೇ ತಿಂಗಳು’ ಎಂದುಬಿಡುವುದೇ ಸರಿಯೇ? ಅದು ಕ್ರೌರ್ಯ. ಹೇಳುವುದು, ಮುಚ್ಚಿಡುವುದು ಎಂಬ ಎರಡೇ ದಾರಿಗಳಿವೆ ಎಂದು ಭಾವಿಸಿರುವುದೇ ನಮ್ಮ ತೊಡಕು. ಚಿತ್ರದ ಕುಟುಂಬವೂ ಇಡೀ ನೂರು ನಿಮಿಷ ಈ ಎರಡರ ನಡುವೆಯೇ ಜಗ್ಗಾಡುತ್ತದೆ.

2000ನೇ ಇಸವಿಯಲ್ಲಿ ಅಮೆರಿಕದ ಕ್ಯಾನ್ಸರ್ ತಜ್ಞರು ಕೆಟ್ಟ ಸುದ್ದಿ ತಿಳಿಸಲು ಆರು ಹೆಜ್ಜೆಗಳ ಒಂದು ಕ್ರಮವನ್ನು ರೂಪಿಸಿದರು. ‘ಸ್ಪೈಕ್ಸ್’ ಎಂದು ಅದಕ್ಕೆ ಹೆಸರು. ಅದರ ಎರಡನೆಯ ಹೆಜ್ಜೆಯಲ್ಲಿ ವೈದ್ಯರು ಏನನ್ನೂ ಹೇಳುವುದಿಲ್ಲ, ಕೇಳುತ್ತಾರೆ: ನಿಮಗೆ ಏನಾಗಿದೆ ಎಂದು ನಿಮಗನ್ನಿಸುತ್ತದೆ? ಮೂರನೆಯದೂ ಪ್ರಶ್ನೆಯೇ: ಕಾಯಿಲೆಯ ವಿವರ ಎಷ್ಟು ತಿಳಿಯಬೇಕು ನಿಮಗೆ? ಎಲ್ಲವನ್ನೂ ನಿಮಗೇ ಹೇಳಬೇಕೇ, ಇಲ್ಲ ಮಗನಿಗೋ ಮಗಳಿಗೋ ಹೇಳಲೇ? ಕೆಲವರು ‘ಎಲ್ಲ ಹೇಳಿ’ ಎನ್ನುತ್ತಾರೆ. ಕೆಲವರು ‘ಅದೆಲ್ಲ ನನಗ್ಯಾಕೆ, ಹುಡುಗನಿಗೆ ಹೇಳಿ’ ಎಂದು ಮಗ್ಗುಲಾಗುತ್ತಾರೆ. ಎರಡೂ ಅವರವರ ಹಕ್ಕು. ಎರಡನೆಯ ಉತ್ತರ ಬಂದರೆ ಆಗ ಮೌನ ಕುಟುಂಬದ ಸುಳ್ಳಾಗಿ ಉಳಿಯದೆ ರೋಗಿಯದೇ ತೀರ್ಮಾನವಾಗುತ್ತದೆ.

ಚಿತ್ರವನ್ನು ಎರಡನೆಯ ಸಲ ನೋಡಿದರೆ ಒಂದು ಸಂಗತಿ ಕಣ್ಣಿಗೆ ಹೊಡೆಯುತ್ತದೆ. ಅಜ್ಜಿಗೆ ಹೇಳಬೇಕೇ ಬೇಡವೇ ಎಂದು ಮಕ್ಕಳು ವಾದಿಸುತ್ತಾರೆ, ಸೊಸೆ ವಾದಿಸುತ್ತಾಳೆ, ಮೊಮ್ಮಗಳು ಅಳುತ್ತಾಳೆ. ಆಸ್ಪತ್ರೆಯಲ್ಲಿ ಇಂಗ್ಲೆಂಡಿನಲ್ಲಿ ಓದಿಬಂದ ತರುಣ ವೈದ್ಯನೊಬ್ಬ, ಅಜ್ಜಿ ಎದುರಿಗೇ ಇರುವಾಗ, ಅವಳಿಗೆ ತಿಳಿಯದ ಇಂಗ್ಲಿಷಿನಲ್ಲಿ ಬಿಲ್ಲಿಯೊಂದಿಗೆ ಇದನ್ನೇ ಚರ್ಚಿಸುತ್ತಾನೆ. ಅಜ್ಜಿಯೋ ಈ ಹುಡುಗನಿಗೆ ಮದುವೆಯಾಗಿದೆಯೇ ಎಂಬ ಲೆಕ್ಕಾಚಾರದಲ್ಲಿದ್ದಾಳೆ. ಸಭಿಕರು ನಗುತ್ತಾರೆ. ಆದರೆ ‘ನಿನಗೆ ತಿಳಿಯಬೇಕೆನಿಸುತ್ತದೆಯೇ?’ ಎಂದು ಅವಳನ್ನು ಒಬ್ಬರೂ ಕೇಳುವುದಿಲ್ಲ.

ಕನ್ನಡದ ಮನೆಗಳಲ್ಲಿ ಹೊರಡುವಾಗ ‘ಹೋಗ್ತೀನಿ’ ಎನ್ನುವಂತಿಲ್ಲ. ಅಂದರೆ ಹಿರಿಯರು ಕೂಡಲೇ ತಿದ್ದುತ್ತಾರೆ, ‘ಹೋಗಿ ಬರ್ತೀನಿ ಅನ್ನು’. ಚೀನೀ ಭಾಷೆಯಲ್ಲಿ ಬೀಳ್ಕೊಡುವ ‘ಝೈ ಜಿಯೆನ್’ ಎಂಬ ಮಾತಿಗೂ ‘ಮತ್ತೆ ನೋಡೋಣ’ ಎಂದೇ ಅರ್ಥ. ಚಿತ್ರದ ಕೊನೆಯಲ್ಲಿ ಬಿಲ್ಲಿ ಮತ್ತು ತಂದೆತಾಯಿ ಟ್ಯಾಕ್ಸಿ ಹತ್ತುತ್ತಾರೆ. ಅಜ್ಜಿ ಬೀದಿಯಲ್ಲಿ ನಿಂತು ಕೈಬೀಸುತ್ತಾಳೆ. ಕಾರು ಮುಂದೆ ಸಾಗಿದಂತೆ ಹಿಂದಿನ ಗಾಜಿನಲ್ಲಿ ಅವಳು ಚಿಕ್ಕವಳಾಗುತ್ತ ಹೋಗುತ್ತಾಳೆ, ಕೈ ಬಾಯಿಗೆ ಅಡ್ಡ ಬರುತ್ತದೆ. ದೂರದೂರಿಗೆ ಹೊರಟ ಮಕ್ಕಳಿಗಾಗಿ ಅಳುತ್ತಿದ್ದಾಳೋ, ತನ್ನ ಕೊನೆಯ ಭೇಟಿಯೆಂದು ಅಳುತ್ತಿದ್ದಾಳೋ, ಕಾರಿನೊಳಗೆ ಕುಳಿತವರಿಗೆ ತಿಳಿಯುವುದಿಲ್ಲ. ಕಾರು ತಿರುವಿನಲ್ಲಿ ಮರೆಯಾಗುವವರೆಗೂ ಅಜ್ಜಿ ಅಲ್ಲಿಯೇ ನಿಂತಿರುತ್ತಾಳೆ.